ಕೋಟೆ ನೋಡಲಿಕ್ಕೆ ಹೋದಾಗ ಬಾವಿಯನ್ನೂ ನೋಡ್ರಿ

ಬೋರಾಮಣಿಯಿಂದ ಹೈದರಾಬಾದ್ ರಸ್ತೆ ಹಿಡಿದರೆ ನಳದುರ್ಗ ದೂರೇನಲ್ಲ. ಮಳೆಗಾಲದಾಗ ಒಂದು ರವಿವಾರ ಮೋಟರ್ ಸೈಕಲ್ ಮೇಲೆ ಹೋಗಿ ಬಂದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಬೋರಿ ನದಿಗೆ ಅಡ್ಡ ಕಟ್ಟಿದ ಒಡ್ಡು, ಆ ಒಡ್ಡಿನ ಹೊಟ್ಟೆಯೊಳಗೆ ಪಾಣಿ ಮಹಲು, ಅದರ ಮೇಲಿಂದ ಧುಮುಕುವ ನರ-ಮಾದಿ ಧಬಧಬಾ. ವಿಜಯಪುರದ ಎರಡನೇ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ, 1613ರಲ್ಲಿ, ಮೀರ್ ಇಮಾದಿನ್ ಎಂಬಾತ ಕಟ್ಟಿಸಿದ್ದು. ನೀರು ತಲೆ ಮೇಲೆ ಹರಿಯುತ್ತಿದ್ದರೂ ಒಳಗಿನ ಕೋಣೆ ಒಣಗಿಯೇ ಇರ್ತದ ಅಂತ ಎಲ್ಲರೂ ಬೆರಗಾಗಿ ಹೇಳ್ತಾರ. ಬೆರಗಾಗುವಂಥದ್ದೇ.

ಆದರೆ ಕೋಟೆ ಅಂದ ಕೂಡಲೇ ನಮ್ಮ ಕಣ್ಣು ಮೊದಲು ಮೇಲೆ ಹೋಗ್ತದ. ಬುರುಜು, ತೋಪು, ಬಾಗಿಲಿಗೆ ಬಡಿದ ಕಬ್ಬಿಣದ ಮೊಳೆ ನೋಡ್ತೀವಿ. ಫೋಟೊ ತೆಗೆಸಿಕೊಳ್ಳೋದೂ ತೋಪಿನ ಮೇಲೆ ಕುಂತೇ. ಈ ಸಲ ಸ್ವಲ್ಪ ಕೆಳಗೂ ನೋಡ್ರಿ ಅಂತ ಹೇಳಲಿಕ್ಕೆ ಈ ಲೇಖನ ಬರೆದೀನಿ. ಕೋಟೆಯ ಜೀವ ಗೋಡೆಯಲ್ಲಿ ಇಲ್ಲ, ನೀರಿನಲ್ಲಿ ಇದೆ. ಗೋಡೆ ಎಷ್ಟೇ ದಪ್ಪ ಇರಲಿ, ಒಳಗೆ ನೀರಿಲ್ಲದಿದ್ದರೆ ಮುತ್ತಿಗೆ ಹಾಕಿದವನು ಗುಂಡು ಹಾರಿಸಬೇಕಾಗಿಲ್ಲ, ಹೊರಗ ಕುಂತು ಕಾದರೆ ಸಾಕು. ನಮ್ಮ ಸೋಲಾಪುರದ ಕೋಟೆಯನ್ನೇ ನೋಡ್ರಿ. ಅದರ ಮಗ್ಗಲಿಗೆ ಸಿದ್ಧೇಶ್ವರ ಕೆರೆ. ಸೊನ್ನಲಿಗೆಯ ಸಿದ್ಧರಾಮ ಹನ್ನೆರಡನೇ ಶತಮಾನದಲ್ಲಿ ಜನಕ್ಕೆ ನೀರಾಗಲಿ ಅಂತ ಮಾಡಿದ ಕೆರೆ ಅದು. ಕೋಟೆ ಆಮೇಲೆ ಬಂದು ಅದರ ಆಸರೆಗೆ ಕುಂತಿತು. ನಮ್ಮೂರ ಕಡೆ ಸಾಮಾನ್ಯವಾಗಿ ಕೋಟೆಯ ವರ್ಣನೆ ಮಾಡುವವರು ಇದನ್ನು ತಿರುಗಾಮುರುಗಾ ಮಾಡಿ, ಕೋಟೆಗಾಗಿ ಕೆರೆ ಅಂತ ಹೇಳಿಬಿಡ್ತಾರ.

ಕೋಟೆಗಳಲ್ಲಿ ನೀರಿನ ವ್ಯವಸ್ಥೆ ನಾನಾ ಥರ. ನಳದುರ್ಗದಲ್ಲಿ ಹೊಳೆಯನ್ನೇ ಕಟ್ಟಿ ನಿಲ್ಲಿಸಿದರು. ಚಿತ್ರದುರ್ಗದಂಥ ಬೆಟ್ಟದ ಕೋಟೆಯಲ್ಲಿ ಬಂಡೆಯ ಮೇಲೆ ಬಿದ್ದ ಮಳೆ ಒಂದು ಹೊಂಡದಿಂದ ಇನ್ನೊಂದು ಹೊಂಡಕ್ಕೆ ಇಳಿಯುವಂತೆ ಮಾಡಿದರು. ಇನ್ನು ಕೆಲವು ಕೋಟೆಗಳಲ್ಲಿ ಮೆಟ್ಟಿಲ ಬಾವಿ. ಮರಾಠಿಯಲ್ಲಿ ಬಾರವ ಅಂತಾರೆ, ವಿಜಯಪುರದ ಕಡೆ ಬಾವಡಿ, ನಮ್ಮ ಹಿರಿಯರ ಬಾಯಲ್ಲಿ ಪಾವಟಿಗೆ ಬಾವಿ. ತಾಜ್ ಬಾವಡಿ ನೋಡಿದವರಿಗೆ ಬೇರೆ ವಿವರಣೆ ಬೇಕಾಗಿಲ್ಲ.

ಸೇದೋ ಬಾವಿಗೂ ಪಾವಟಿಗೆ ಬಾವಿಗೂ ಒಂದು ದೊಡ್ಡ ಫರಕು ಇದೆ. ಇದನ್ನು ಕಟ್ಟಡದ ಪುಸ್ತಕ ಬರೆಯುವವರು ಹೆಚ್ಚಾಗಿ ಹೇಳೂದಿಲ್ಲ. ಸೇದೋ ಬಾವಿಯಲ್ಲಿ ಮನುಷ್ಯ ಮೇಲೆ ನಿಲ್ಲುತ್ತಾನೆ, ಹಗ್ಗ ಇಳೀತದ, ಕೊಡ ಮಾತ್ರ ನೀರಿಗೆ ತಾಗ್ತದ. ಪಾವಟಿಗೆ ಬಾವಿಯಲ್ಲಿ ಮನುಷ್ಯನೇ ಇಳೀಬೇಕು. ಮಳೆಗಾಲದಾಗ ನೀರು ಮೇಲಿನ ಮೆಟ್ಟಿಲ ತನಕ ಏರಿರ್ತದ, ಬ್ಯಾಸಿಗ್ಯಾಗ ತಳದ ತನಕ ಇಳಿದು ಹೋಗಬೇಕು. ಹೇಗಿದ್ದರೂ ಕಾಲು, ಕೈ, ಕೊಡ ಮೂರೂ ನೀರಿಗೆ ತಾಗ್ತಾವ. ಹಗ್ಗ ಬೇಡ, ಗಡಗಡಿ ಬೇಡ, ಮುದುಕರು ಹುಡುಗರು ಯಾರೂ ಇಳಿದು ಬೊಗಸೆ ತುಂಬ ಕುಡೀಬಹುದು. ಕಲ್ಲಿನಲ್ಲಿ ಕಟ್ಟಿದ ಇಷ್ಟು ಉದಾರವಾದ ವಸ್ತು ಇನ್ನೊಂದಿಲ್ಲ. ಹಂಗಾಗಿಯೇ ಜಾತಿಯ ಕಾವಲು ಇಂಥ ನೀರಿನ ಮೇಲೆ ಬಿಗಿಯಾಗಿತ್ತು. ಸೇದೋ ಬಾವಿಯ ಹತ್ತಿರ ನಮ್ಮ ಅಜ್ಜಿಯರು ದೂರ ನಿಂತು ಯಾರಾದರೂ ಕನಿಕರಪಟ್ಟು ಮೇಲಿಂದ ಸುರಿಯಲಿ ಅಂತ ಕಾಯಬೇಕಾಗಿತ್ತು. ಪಾವಟಿಗೆ ಬಾವಿಯಲ್ಲಿ ಆ ಕಾಯುವುದಕ್ಕೂ ಜಾಗವಿರಲಿಲ್ಲ. ಮೊದಲನೇ ಮೆಟ್ಟಿಲೇ ನಮಗೆ ಬಂದ್.

ಈಗ ನಿಮ್ಮನ್ನು ದೌಲತಾಬಾದಿಗೆ ಕರೆದುಕೊಂಡು ಹೋಗ್ತೀನಿ. ಸೋಲಾಪುರದಿಂದ ಧಾರಾಶಿವ, ಬೀಡ ದಾಟಿ ಮುನ್ನೂರು ಕಿಲೋಮೀಟರಿಗಿಂತ ಹೆಚ್ಚು. ದೂರ ಖರೆ. ಆದರೆ ನಮ್ಮವರು ನೋಡಲೇಬೇಕಾದ ಕೋಟೆ ಒಂದಿದ್ದರೆ ಅದು ಇದೇ.

ಇದರ ಹಳೆಯ ಹೆಸರು ದೇವಗಿರಿ, ಸೇವುಣ ಯಾದವರ ರಾಜಧಾನಿ. ಅವರ ಶಾಸನಗಳಲ್ಲಿ ಕನ್ನಡದವು ಬಹಳ ಇವೆ. ಮರಾಠಿಯೋ ಕನ್ನಡವೋ ಅಂತ ಜಗಳಾಡುವವರು ಒಮ್ಮೆ ಅವನ್ನು ಓದಿದರೆ ಚಲೋ. 1296ರಲ್ಲಿ ರಾಮದೇವ ರಾಯನ ಮೇಲೆ ಅಲ್ಲಾವುದ್ದೀನ್ ಖಿಲ್ಜಿ ಬಂದ. 1327ರಲ್ಲಿ ಮುಹಮ್ಮದ್ ತುಘಲಕ್ ದಿಲ್ಲಿಯಿಂದ ರಾಜಧಾನಿಯನ್ನೇ ಇಲ್ಲಿಗೆ ತಂದು ದೌಲತಾಬಾದ್ ಅಂತ ಹೆಸರಿಟ್ಟ. ಆಮೇಲೆ ಬಹಮನಿಗಳು, ನಿಜಾಮಶಾಹಿ, ಮೊಗಲರು, ಕಡೆಗೆ ಹೈದರಾಬಾದಿನ ನಿಜಾಮರು. ರಾಜರ ಪಟ್ಟಿ ಇಷ್ಟು ಸಾಕು.

ನೀರಿನ ಮಾತು ಹೇಳ್ತೀನಿ. ಸುತ್ತಲಿನ ಗುಡ್ಡದ ಕಣಿವೆಯಲ್ಲಿ ಮಳೆ ನೀರು ತಡೆದು, ಸುಟ್ಟ ಮಣ್ಣಿನ ಕೊಳವೆಗಳಲ್ಲಿ ಕೋಟೆಯೊಳಗೆ ತಂದಿದ್ದಾರೆ. ಒಳಗೆ ಹಾಥಿ ಹೌದ್ ಅಂತ ಒಂದು ಹೊಂಡ ಇದೆ. ಅಂಚಿಗೆ ನಿಂತರೆ ಆನೆ ಅಂತ ಹೆಸರು ಯಾಕೆ ಬಂತು ಗೊತ್ತಾಗ್ತದ. ಸರಸ್ವತಿ ಬಾವಡಿ ಅಂತ ಒಂದು ಪಾವಟಿಗೆ ಬಾವಿ, ಕಚೇರಿ ಬಾವಡಿ ಅಂತ ಇನ್ನೊಂದು. ಚಾಂದ್ ಮಿನಾರಿನ ಕಡೆ ಕತ್ತೆತ್ತಿ ಹೋಗುವ ಮಂದಿ ಈ ಬಾವಿಗಳನ್ನು ಬಗ್ಗಿ ಸಹ ನೋಡೂದಿಲ್ಲ. ನೀವು ನೋಡ್ರಿ. ಮೆಟ್ಟಿಲ ಮೇಲೆ ಒಂದು ನಿಮಿಷ ಸುಮ್ಮನೆ ನಿಲ್ರಿ. ಯಾಕಂದ್ರ 1934ರಲ್ಲಿ ಬಾಬಾಸಾಹೇಬರಿಗೆ ಈ ಕೋಟೆಯಲ್ಲಿ ಹನಿ ನೀರೂ ಮುಟ್ಟಬಾರದು ಅಂತ ಅಪ್ಪಣೆಯಾಗಿತ್ತು.

ಆ ಕಥೆಯನ್ನು ಅವರೇ ಬರೆದಿದ್ದಾರೆ. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಸಣ್ಣ ಪುಸ್ತಕ. ಅವರು ಬದುಕಿದ್ದಾಗ ಅಚ್ಚಾಗಲಿಲ್ಲ, ಪೀಪಲ್ಸ್ ಎಜುಕೇಶನ್ ಸೊಸೈಟಿ 1990ರಲ್ಲಿ ಹೊರತಂದಿತು. ಚಳವಳಿಯ ಕೆಲವು ಕಾರ್ಯಕರ್ತರಿಗೆ ಪ್ರವಾಸ ಹೋಗುವ ಆಸೆಯಾಯಿತು, ಸಾಹೇಬರೂ ಬರುತ್ತೇನೆ ಅಂದರು. ಮುಖ್ಯವಾಗಿ ವೇರೂಳದ ಬೌದ್ಧ ಗುಹೆ ನೋಡಬೇಕು ಅಂತ ಇತ್ತು. ನಾಶಿಕದಲ್ಲಿ ಕೂಡಿ, ಬಸ್ಸು-ಮೋಟರು ಬಾಡಿಗೆಗೆ ಹಿಡಿದು, ಸುಮಾರು ಮೂವತ್ತು ಮಂದಿ ಯೇವಲಾ ಮಾರ್ಗವಾಗಿ ಹೊರಟರು. ಪ್ರವಾಸದ ಸುದ್ದಿ ಬೇಕಂತಲೇ ಎಲ್ಲೂ ಹೊರಗೆ ಬಿಡಲಿಲ್ಲ. ತಾವು ಯಾರು ಅಂತ ಗೊತ್ತಾದರೆ ದಾರಿಯಲ್ಲಿ ಏನಾಗ್ತದ ಅಂತ ಅವರಿಗೆ ಗೊತ್ತಿತ್ತು. ಗಮನಿಸ್ರಿ, ಅಷ್ಟೊತ್ತಿಗೆ ಅವರು ಕೊಲಂಬಿಯಾ, ಲಂಡನ್ ವಿಶ್ವವಿದ್ಯಾಲಯಗಳ ಡಾಕ್ಟರು, ಬ್ಯಾರಿಸ್ಟರು. ಮೂರು ದುಂಡು ಮೇಜಿನ ಪರಿಷತ್ತಿಗೆ ಹೋಗಿ ಬಂದವರು. ಪುಣೆ ಒಪ್ಪಂದ ಆಗಿ ಎರಡು ವರ್ಷ.

ದೌಲತಾಬಾದಿನಲ್ಲಿ ಮಾತ್ರ ನಮ್ಮ ಜನಕ್ಕೆ ಸುದ್ದಿ ಕೊಟ್ಟಿದ್ದರು. ಊರ ಬಾಗಿಲಲ್ಲಿ ಅವರು ಕಾಯುತ್ತಾ ನಿಂತಿದ್ದರು. ಇಳಿದು ಚಹಾ ಕುಡಿದು ಹೋಗ್ರಿ ಅಂದರು. ಚಹಾ ಎಲ್ಲರಿಗೂ ಬೇಕಾಗಿತ್ತು, ಆದರೆ ಹೊತ್ತು ಮುಳುಗುವುದರೊಳಗೆ ಕೋಟೆ ನೋಡಬೇಕು, ತಿರುಗಿ ಬರುವಾಗ ಕುಡಿದರಾಯಿತು ಅಂತ ಮುಂದೆ ನಡೆದರು. ರಂಜಾನ್ ತಿಂಗಳು. ಕೋಟೆ ಬಾಗಿಲ ಹೊರಗೆ ತುಂಬಿ ನಿಂತ ಸಣ್ಣ ಹೊಂಡ, ಸುತ್ತಲೂ ಅಗಲವಾದ ಕಲ್ಲುಹಾಸು. ಮೈ-ಬಟ್ಟೆಯೆಲ್ಲ ರಸ್ತೆಯ ಧೂಳು. ಕೆಲವರು ಕೈಕಾಲು ಮುಖ ತೊಳೆದುಕೊಂಡರು. ಯಾರೇ ಪ್ರವಾಸಿಗರು ಮಾಡುವುದು ಅದನ್ನೇ.

ಬಾಗಿಲೊಳಗೆ ಹೋಗಿ ಪರವಾನಿಗೆ ಕೇಳುತ್ತಿರುವಾಗ ಬಿಳಿ ಗಡ್ಡದ ಮುದುಕನೊಬ್ಬ ಕೂಗುತ್ತಾ ಬಂದ. ಢೇಡರು ಹೊಂಡ ಮೈಲಿಗೆ ಮಾಡಿದರು ಅಂತ. ಢೇಡ ಅಂದರೆ ನಾವೇ, ಆ ಸೀಮೆಯಲ್ಲಿ ನಮ್ಮನ್ನು ಬೈಯುವ ಶಬ್ದ. ಮಂದಿ ಕೂಡಿತು, ಬೈಗಳು ಏರಿತು. ನಾವು ಪರ ಊರಿನವರು, ಇಲ್ಲಿಯ ರೂಢಿ ಗೊತ್ತಿಲ್ಲ ಅಂದರೆ ಅವರ ಸಿಟ್ಟು ಅಲ್ಲಿಯ ನಮ್ಮ ಜನದ ಮೇಲೆ ತಿರುಗಿತು. ನೀವು ಯಾಕೆ ಮೊದಲೇ ಹೇಳಲಿಲ್ಲ ಅಂತ. ಪಾಪ, ಅವರು ಆಗತಾನೇ ಹಿಂದಿನಿಂದ ಬಂದು ಮುಟ್ಟಿದ್ದರು. ಗಲಭೆಯಾಗಿ ಹೆಣ ಬೀಳುವ ಹಂತಕ್ಕೆ ಹೋಗಿತ್ತು ಅಂತ ಸಾಹೇಬರು ಬರೆಯುತ್ತಾರೆ. ತರುಣನೊಬ್ಬ ಎಲ್ಲರೂ ತಮ್ಮ ತಮ್ಮ ಧರ್ಮದಂತೆ ಇರಬೇಕು ಅಂತ ಮತ್ತೆ ಮತ್ತೆ ಹೇಳುತ್ತಿದ್ದ. ಬಾಬಾಸಾಹೇಬರು ತಾಳ್ಮೆಗೆಟ್ಟು ಅವನನ್ನು ಕೇಳಿದರು: ನಿಮ್ಮ ಧರ್ಮ ಕಲಿಸೋದು ಇದನ್ನೇ ಏನು? ಅಸ್ಪೃಶ್ಯನೊಬ್ಬ ಮುಸಲ್ಮಾನನಾದರೆ ಆಗಲೂ ಈ ನೀರು ಮುಟ್ಟಬೇಡ ಅನ್ನುತ್ತೀರೇನು? ಯಾರೂ ಬಾಯಿ ಬಿಡಲಿಲ್ಲ.

ಆಮೇಲೆ ಚೀಟಿಯಲ್ಲಿ ಹೆಸರು ಬರೆದು ಕೊಟ್ಟರು. ಕಾವಲುಗಾರ ಒಳಗೆ ಹೋಗಿ ಮೇಲಧಿಕಾರಿಯನ್ನು ಕೇಳಿ ಬಂದ. ಕೋಟೆ ನೋಡಬಹುದು, ಆದರೆ ಒಳಗೆ ಎಲ್ಲಿಯೂ ನೀರು ಮುಟ್ಟಬಾರದು. ಹಂಗ ಮುಟ್ಟದಂತೆ ನೋಡಿಕೊಳ್ಳಲಿಕ್ಕೆ ಬಂದೂಕಿನ ಸಿಪಾಯಿಯೊಬ್ಬ ಬೆನ್ನಿಗೆ. ಹಾಥಿ ಹೌದಿಗೂ, ಸರಸ್ವತಿ ಬಾವಡಿಗೂ, ಒಳಗಿನ ಹನಿ ಹನಿಗೂ ಆ ಅಪ್ಪಣೆ ಅನ್ವಯವಾಯಿತು. ಶತ್ರುವಿನ ಮುತ್ತಿಗೆ ತಡೆಯಲಿಕ್ಕೆ ಕಟ್ಟಿದ ನೀರನ್ನು ಮೂವತ್ತು ಮಂದಿ ಪ್ರವಾಸಿಗರಿಂದ ಕಾಯಲಿಕ್ಕೆ ಬಂದೂಕು!

ಈ ಪ್ರಸಂಗವನ್ನು ಈಗ ಕೆಲವರು ಬೇರೆ ಕೆಲಸಕ್ಕೆ ಬಳಸ್ತಾರ. ಮುಸಲ್ಮಾನರನ್ನು ಬೈಯಲಿಕ್ಕೆ ಇದೊಂದು ಪುಟ ಹರಿದು ತೋರಿಸ್ತಾರ. ನೀವು ಪುಸ್ತಕ ಪೂರ್ತಿ ಓದ್ರಿ. ಅದರ ಮೊದಲಿಗೆ 1901ರಲ್ಲಿ ಮಸೂರ ಸ್ಟೇಶನ್ನಿನಲ್ಲಿ ಇಳಿದ ಪೋರರಿಗೆ ಬಂಡಿಯವರು ಬಂಡಿ ಹೊಡೆಯಲಿಕ್ಕೆ ಒಪ್ಪಲಿಲ್ಲ, ರಾತ್ರಿಯೆಲ್ಲ ನೀರು ಸಿಗಲಿಲ್ಲ. ಅವರು ಹಿಂದೂಗಳು. ಬಡೋದೆಯಲ್ಲಿ ವಸತಿಗೃಹದಿಂದ ಬಡಿಗೆ ಹಿಡಿದು ಹೊರಗೆ ಹಾಕಿದವರು ಪಾರ್ಸಿಗಳು. ಊರಿಗೆ ಅಸ್ಪೃಶ್ಯನಾದವನು ಊರಿನ ಎಲ್ಲ ಧರ್ಮದವರಿಗೂ ಅಸ್ಪೃಶ್ಯನೇ ಆಗ್ತಾನ ಅನ್ನೋದು ಸಾಹೇಬರ ಮಾತಿನ ತಿರುಳು. ಮುದುಕನ ಕೂಗಿನಲ್ಲಿ ಇದ್ದದ್ದು ಕುರಾನಲ್ಲ, ಊರಿನ ರೂಢಿ. ಆ ತರುಣ ಸುಮ್ಮನಾದದ್ದು ಅದಕ್ಕೇ ಅಂತ ನನಗನ್ನಿಸ್ತದ.

ನನ್ನನ್ನು ಹೆಚ್ಚು ಕಾಡೋದು ಆ ಚಹಾ ಇಟ್ಟುಕೊಂಡು ಕಾದವರ ವಿಷಯ. ಪುಸ್ತಕದಲ್ಲಿ ಪ್ರಸಂಗ ಸಿಪಾಯಿ ಬೆನ್ನಿಗೆ ಬರೋದರಲ್ಲೇ ಮುಗೀತದ. ಬಸ್ಸು ಹೋಯಿತು, ಪರ ಊರಿನವರು ಹೋದರು. ಆದರೆ ಅವರು ಮರುದಿನ ಅದೇ ಊರಿನಲ್ಲಿ, ಅದೇ ಹೊಂಡದ ಮಗ್ಗಲಲ್ಲಿ, ಅದೇ ಮಂದಿಯ ನಡುವೆ ಬಾಳಬೇಕಿತ್ತು. ನಮ್ಮ ಕೇರಿಗಳಲ್ಲಿ ಎಷ್ಟೋ ಹಿರಿಯರು ಇಂಥ ಮರುದಿನಗಳನ್ನೇ ಬದುಕಿ ಹೋದವರು.

ಕೋಟೆಗೂ ನಮಗೂ ಸಂಬಂಧವೇ ಇರಲಿಲ್ಲವೇ? ಇತ್ತು. ಮರಾಠರ ಕಾಲದ ಗಡಗಳಲ್ಲಿ ಮಹಾರರು, ಮಾಂಗರು, ರಾಮೋಶಿಗಳು ತಪ್ಪಲಿನ ಕಾವಲು ಕಾದವರು. ಚಿತ್ರದುರ್ಗದ ಓಬವ್ವ ಯಾರು? ಛಲವಾದಿ ಕುಲದ ಹೆಣ್ಣುಮಗಳು, ಕಹಳೆ ಮುದ್ದಹನುಮನ ಹೆಂಡತಿ. ಗಂಡ ಊಟಕ್ಕೆ ಕುಂತಾಗ ನೀರು ತರಲಿಕ್ಕೆ ಹೋದಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರ ಸದ್ದು ಕೇಳಿ ಒನಕೆ ಹಿಡಿದಳು. ಒನಕೆಯ ಕಥೆ ಎಲ್ಲರಿಗೂ ಗೊತ್ತು. ಅದು ಸುರುವಾದದ್ದು ಒಂದು ಕೊಡ ನೀರಿನಿಂದ ಅನ್ನೋದನ್ನೂ ಮಕ್ಕಳಿಗೆ ಹೇಳ್ರಿ. ಕಲ್ಲು ಒಡೆದವರು, ಮಣ್ಣು ಹೊತ್ತವರು ನಮ್ಮಂಥವರೇ. ಶಿಲಾಲೇಖದಲ್ಲಿ ಸುಲ್ತಾನನ ಹೆಸರು ಇರ್ತದ, ಕಟ್ಟಿಸಿದ ಸರದಾರನ ಹೆಸರು ಇರ್ತದ.

ಕಾನೂನಿನ ಕಥೆಯನ್ನೂ ಜೋಡಿಸಿ ನೋಡ್ರಿ. ಸಾರ್ವಜನಿಕ ಬಾವಿ-ಕೆರೆ ಅಸ್ಪೃಶ್ಯರಿಗೂ ತೆರೆಯಬೇಕು ಅಂತ ಮುಂಬೈ ವಿಧಾನ ಪರಿಷತ್ತಿನಲ್ಲಿ ಬೋಲೆಯವರ ಠರಾವು ಪಾಸಾದದ್ದು 1923ರಲ್ಲಿ. ಅದನ್ನು ಕಾಗದದಿಂದ ನೀರಿಗೆ ಇಳಿಸಿದ್ದು 1927ರ ಮಾರ್ಚ್ 20, ಮಹಾಡದ ಚವದಾರ ಕೆರೆಯಲ್ಲಿ. ಅದರ ಮೇಲೆ ಹೂಡಿದ ದಾವೆ ಹೈಕೋರ್ಟಿನಲ್ಲಿ ನಮ್ಮ ಪರ ಮುಗಿದದ್ದು 1937ರ ಮಾರ್ಚ್ 17ಕ್ಕೆ. ಅಂದರೆ ದೌಲತಾಬಾದಿನ ಬಾಗಿಲಲ್ಲಿ ಬೈಗಳು ಕೇಳುತ್ತಿದ್ದಾಗ ಮಹಾಡದ ಖಟ್ಲೆ ಇನ್ನೂ ನಡೆದೇ ಇತ್ತು. ಅದೇ ಪ್ರವಾಸದಲ್ಲಿ ದಾಟಿ ಬಂದ ಯೇವಲಾದಲ್ಲೇ 1935ರ ಅಕ್ಟೋಬರ್ 13ರಂದು ಹಿಂದೂವಾಗಿ ಸಾಯೋದಿಲ್ಲ ಅಂತ ಘೋಷಿಸಿದರು. ಮುಂದೆ ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದನ್ನೇ ಹೆಸರು ಹಿಡಿದು ಬರೆದಿದೆ. ಅಷ್ಟು ದೊಡ್ಡ ಗ್ರಂಥದಲ್ಲಿ ಬಾವಿ ಎಂಬ ಸಣ್ಣ ಶಬ್ದಕ್ಕೆ ಏನು ಕೆಲಸ ಅಂತ ಯಾರಾದರೂ ಕೇಳಿದರೆ ದೌಲತಾಬಾದಿನ ಬಾಗಿಲು ತೋರಿಸ್ರಿ.

ಹೋಗುವವರಿಗೆ ಎರಡು ಮಾತು. ಮುಂಜಾನೆ ಲಗೂನ ಗುಡ್ಡ ಏರ್ರಿ, ಬಿಸಿಲೇರಿದ ಮೇಲೆ ಕಲ್ಲು ಸುಡ್ತದ. ಅಂಧೇರಿ ಅನ್ನುವ ಕತ್ತಲ ಸುರಂಗಕ್ಕೆ ಬ್ಯಾಟರಿ ಬೇಕು. ಬಾವಡಿಗಳನ್ನು ಏರುವಾಗಲೇ ನೋಡ್ರಿ, ಇಳಿದ ಮೇಲೆ ಯಾರಿಗೂ ತ್ರಾಣ ಇರೂದಿಲ್ಲ. ಅಲ್ಲಿಂದ ಬಾಬಾಸಾಹೇಬರ ಬಸ್ಸು ಹೊರಟಿದ್ದ ವೇರೂಳಕ್ಕೂ ಹೋಗ್ರಿ, ಹತ್ತಿರವೇ ಇದೆ. 1ರಿಂದ 12ರ ತನಕ ಬೌದ್ಧ ಗುಹೆಗಳು. 10ನೆಯದರಲ್ಲಿ ಕಲ್ಲಿನ ಕಮಾನಿನ ಕೆಳಗೆ ಬುದ್ಧ ಕುಂತಾನ. ಮಂಗಳವಾರ ವೇರೂಳಕ್ಕೆ ರಜೆ ಇರ್ತದ, ಗಾಡಿ ಠರಾಯಿಸೋ ಮೊದಲು ವಾರ ನೋಡಿಕೊಳ್ರಿ.