ಜೇಡ ನೇಯ್ದ ಬಲೆ, ಕಾಲಿನ ಮೇಲೆ

ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಲ್ಲಿ ನಮ್ಮ ದೊಡ್ಡವ್ವನ ಮನೆ. ಚಿಕ್ಕವನಿದ್ದಾಗ ರಜೆಗೆ ಹೋದರೆ ಸಂಜೆ ಕಟ್ಟೆಯ ಮೇಲೆ ಆಕೆಯ ಕಾಲು ಒತ್ತುವ ಕೆಲಸ ನನ್ನದು. ಮೊಣಕಾಲಿನ ಹಿಂದೆ, ಹಿಮ್ಮಡಿಯ ಪಕ್ಕದಲ್ಲಿ ನೀಲಿ, ಕೆಂಪು ಎಳೆಗಳು ಬಲೆಯ ಹಾಗೆ ಹರಡಿದ್ದವು. "ಇದೇನ ದೊಡ್ಡವ್ವ?" ಅಂದರೆ, "ಜೇಡ ಬಲಿ ಹೆಣದೈತಿ ನೋಡೋ ತಮ್ಮಾ, ಹೊಲಾ ಮನಿ ಅಂತ ನಿಂತು ನಿಂತು" ಅಂತ ನಗುತ್ತಿದ್ದಳು.

ಆಗ ನನಗೂ ನಗು. ಎಷ್ಟೋ ವರ್ಷಗಳ ನಂತರ ಗೊತ್ತಾಯಿತು, ವೈದ್ಯರೂ ಇದನ್ನು 'ಸ್ಪೈಡರ್ ವೇನ್' ಅಂತಲೇ ಕರೆಯುತ್ತಾರೆ. ಸ್ಪೈಡರ್ ಅಂದರೆ ಜೇಡ!

ಕನ್ನಡದಲ್ಲಿ ಜೇಡ ಅಂದರೆ ಹುಳ ಮಾತ್ರ ಅಲ್ಲ, ನೇಕಾರ ಕೂಡ. ಮುದನೂರಿನ ವಚನಕಾರ ದಾಸಿಮಯ್ಯನನ್ನು ಜೇಡರ ದಾಸಿಮಯ್ಯ ಅನ್ನುವುದು ಅವನು ಮಗ್ಗದವನು ಅಂತ. ನಮ್ಮ ರಾಮದುರ್ಗ, ಸುರೇಬಾನದ ಕಡೆ ಮಗ್ಗದ ಸದ್ದು ಹೊಸದಲ್ಲ. ಹಾಗಾಗಿ ಈ ಬಲೆಯ ಇತಿಹಾಸ ಹುಡುಕಬೇಕು ಅನ್ನಿಸಿತು. ಹುಡುಕುತ್ತಾ ಹೋದರೆ ಅದು ಮೂರೂವರೆ ಸಾವಿರ ವರ್ಷ ಹಿಂದಕ್ಕೆ ಹೋಯಿತು.

ಈಜಿಪ್ಟಿನ ಏಬರ್ಸ್ ಪಪೈರಸ್ ಎಂಬ ವೈದ್ಯದ ಸುರುಳಿ ಕ್ರಿಸ್ತಪೂರ್ವ 1550ರ ಸುಮಾರಿನದು. ಹಾವಿನ ಹಾಗೆ ಸುರುಳಿ ಸುತ್ತಿ ಉಬ್ಬಿದ ರಕ್ತನಾಳಕ್ಕೆ ಕತ್ತಿ ಹಾಕಬೇಡಿ ಅನ್ನುವ ಅರ್ಥದ ಎಚ್ಚರಿಕೆ ಅದರಲ್ಲಿದೆ. ಕತ್ತರಿಸಿದರೆ ರಕ್ತ ನಿಲ್ಲದು ಅನ್ನುವುದು ಅವರಿಗೆ ಅನುಭವದಿಂದ ಗೊತ್ತಿರಬೇಕು.

ರೋಮಿನ ಸೇನಾಪತಿ ಮಾರಿಯಸ್‌ನ (ಕ್ರಿ.ಪೂ. 157-86) ಕಥೆಯನ್ನು ಪ್ಲುಟಾರ್ಕ್ ಬರೆದಿದ್ದಾನೆ. ಅವನ ಎರಡೂ ಕಾಲಲ್ಲಿ ನರ ಉಬ್ಬಿದ್ದವು. ಕಟ್ಟಿ ಹಾಕುವುದು ಬೇಡ ಅಂದು, ಒಂದು ಕಾಲನ್ನು ತುಟಿ ಪಿಟಕ್ಕೆನ್ನದೆ ಕೊಯ್ಯಿಸಿಕೊಂಡ. ವೈದ್ಯ ಇನ್ನೊಂದು ಕಾಲಿಗೆ ಕೈ ಹಾಕಿದಾಗ ಮಾತ್ರ ಸಾಕು ಅಂದನಂತೆ. ಈ ಗುಣಕ್ಕೆ ಇಷ್ಟು ನೋವು ತಕ್ಕದ್ದಲ್ಲ ಅನ್ನುವುದು ಅವನ ಲೆಕ್ಕ. ಯುದ್ಧಕ್ಕೆ ಹೆದರದವನು ಎರಡನೇ ಕಾಲಿಗೆ ಹೆದರಿದ!

ನಮ್ಮಲ್ಲಿ ಸುಶ್ರುತ ಐದು ಬಗೆಯ ಗ್ರಂಥಿಗಳನ್ನು ಹೇಳುವಾಗ ಸಿರೆಯಿಂದ ಹುಟ್ಟುವ ಗ್ರಂಥಿಯನ್ನೂ ಎಣಿಸಿದ. ಬಲ ಇಲ್ಲದವನು ಅತಿಯಾಗಿ ದುಡಿದರೆ ಅದು ಬರುತ್ತದೆ ಅನ್ನುತ್ತಾನೆ. ಸಿರೆ ಚುಚ್ಚಿ ರಕ್ತ ತೆಗೆಯುವುದಕ್ಕೆ ಒಂದು ಅಧ್ಯಾಯ, ಜಿಗಣೆಗೆ ಇನ್ನೊಂದು ಅಧ್ಯಾಯ. ಜಿಗಣೆಗಳು ಹನ್ನೆರಡು ಬಗೆ, ಆರು ವಿಷದವು, ಆರು ವಿಷವಿಲ್ಲದವು. ಜಿಗಣೆ ಯಾರಿಗೆ ಅಂದರೆ ರಾಜರು, ಮಕ್ಕಳು, ಮುದುಕರು, ಹೆಂಗಸರು, ಅಂಜುಬುರುಕರಿಗೆ. ಅಂದರೆ ಕತ್ತಿ ತಡೆಯಲಾರದವರಿಗೆ ಮೆತ್ತಗಿನ ಉಪಾಯ. ಕನ್ನಡಕ್ಕೂ ವೈದ್ಯಶಾಸ್ತ್ರ ಬೇಗನೇ ಬಂತು. 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ಕೃತಿಯನ್ನು 'ಕರ್ಣಾಟಕ ಕಲ್ಯಾಣಕಾರಕ'ವಾಗಿ ಕನ್ನಡಕ್ಕೆ ತಂದ.

ದೊಡ್ಡವ್ವನಿಗೂ ಜಿಗಣಿ ಹಚ್ಚಿಸಿದ್ದರು. "ಕೆಟ್ಟ ರಕ್ತ ಹೀರತೈತಿ" ಅನ್ನುವ ನಂಬಿಕೆ. ಎರಡು ದಿನ ಬಾವು ಇಳಿಯಿತು, ಮತ್ತೆ ಬಂತು. ಜಿಗಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇದೆ, ಅದನ್ನು 1884ರಲ್ಲಿ ಹೇಕ್ರಾಫ್ಟ್ ಕಂಡುಹಿಡಿದ. ಆದರೆ ರಕ್ತ ಕೆಟ್ಟಿರಲೇ ಇಲ್ಲವಲ್ಲ! ಕೆಟ್ಟಿದ್ದು ಬಾಗಿಲು.

ಯಾವ ಬಾಗಿಲು?

ಹೃದಯ ರಕ್ತವನ್ನು ಕಾಲಿಗೆ ತಳ್ಳುತ್ತದೆ, ಅದು ಇಳಿಜಾರಿನ ದಾರಿ. ವಾಪಸು ಬರುವುದು ಏರುದಾರಿ. ಅದಕ್ಕೆಂದೇ ಸಿರೆಗಳ ಒಳಗೆ ಪುಟ್ಟ ಪುಟ್ಟ ಕವಾಟಗಳಿವೆ, ಮೇಲಕ್ಕೆ ಮಾತ್ರ ತೆರೆಯುತ್ತವೆ. ಇಟಲಿಯ ಪಾದುವಾದಲ್ಲಿ ಫ್ಯಾಬ್ರೀಷಿಯಸ್ ಎಂಬ ಮೇಷ್ಟ್ರು 1603ರಲ್ಲಿ ಇವುಗಳ ಮೇಲೆ ಪುಸ್ತಕ ಬರೆದ. ಆದರೆ ಅವು ರಕ್ತ ಕೆಳಗೆ ರಭಸದಿಂದ ನುಗ್ಗದಂತೆ ತಡೆಯಲು ಇವೆ ಅಂದುಕೊಂಡ. ಅವನ ಶಿಷ್ಯ ವಿಲಿಯಂ ಹಾರ್ವಿ ತೋಳಿಗೆ ಪಟ್ಟಿ ಕಟ್ಟಿ, ಉಬ್ಬಿದ ಸಿರೆಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದ. ರಕ್ತ ಒಂದೇ ದಿಕ್ಕಿಗೆ, ಹೃದಯದ ಕಡೆಗೆ ಮಾತ್ರ ಹೋಗುತ್ತದೆ ಅಂತ 1628ರಲ್ಲಿ ಲೋಕಕ್ಕೆ ಹೇಳಿದ. ಮೇಷ್ಟ್ರು ಕಂಡ ಬಾಗಿಲಿನ ಕೆಲಸ ಏನು ಅಂತ ಹೇಳಲು ಶಿಷ್ಯ ಬೇಕಾಯಿತು.

ರಕ್ತವನ್ನು ಮೇಲಕ್ಕೆತ್ತುವ ಪಂಪು ನಮ್ಮ ಮೀನಖಂಡ. ನಡೆದಾಗಲೆಲ್ಲ ಅದು ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತದೆ. ಸುಮ್ಮನೆ ನಿಂತರೆ ಪಂಪು ಬಂದ್. ರಕ್ತ ನಿಲ್ಲುತ್ತದೆ, ಸಿರೆ ಹಿಗ್ಗುತ್ತದೆ, ಹಿಗ್ಗಿದ ಸಿರೆಯಲ್ಲಿ ಬಾಗಿಲಿನ ಎರಡು ಕದ ಒಂದಕ್ಕೊಂದು ಕೂಡುವುದಿಲ್ಲ.

ಇದನ್ನು ತಿಳಿದ ಮೇಲೆ ನಮ್ಮ ಕಡೆಯ ಬದುಕು ಬೇರೆ ಥರ ಕಾಣಿಸಿತು. ಕುಣಿಮಗ್ಗದಲ್ಲಿ ಕುಳಿತವನ ಕಾಲು ಕುಣಿಯೊಳಗೆ ತುಳಿಯುತ್ತಲೇ ಇರುತ್ತದೆ. ವಿದ್ಯುತ್ ಮಗ್ಗ ಬಂದ ಮೇಲೆ ತುಳಿಯುವ ಕೆಲಸ ಕರೆಂಟಿನದು, ಕಾಯುತ್ತಾ ನಿಲ್ಲುವ ಕೆಲಸ ಮನುಷ್ಯನದು. ಭರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವವರ ಕಾಲಿಗೆ ನಡಿಗೆ ಉಪಕಾರವನ್ನೇ ಮಾಡುತ್ತದೆ. ಕಷ್ಟ ಇರುವುದು ಒಂದೇ ಕಡೆ ತಾಸುಗಟ್ಟಲೆ ನಿಲ್ಲುವವರಿಗೆ: ಕಂಡಕ್ಟರ್, ಪೊಲೀಸ್, ಮೇಷ್ಟ್ರು, ಸೀರೆ ಅಂಗಡಿಯ ಹುಡುಗಿಯರು. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕನ್ನು ಕಾನೂನಾಗಿ ಮಾಡಿದವು. ಕೂರುವುದಕ್ಕೂ ಕಾನೂನು ಬೇಕಾಯಿತು ನೋಡಿ!

ನಿಲ್ಲುವುದೊಂದೇ ಕಾರಣ ಅಲ್ಲ. ವಂಶದಲ್ಲಿ ಇದ್ದರೆ ಬರುತ್ತದೆ. ಬಸುರಿಯಲ್ಲಿ, ವಯಸ್ಸಾದಂತೆ, ತೂಕ ಹೆಚ್ಚಾದಂತೆ ಬರುತ್ತದೆ. ಹೆಂಗಸರಲ್ಲಿ ಹೆಚ್ಚು. ವೈದ್ಯರ ಲೆಕ್ಕದಲ್ಲಿ ಒಂದು ಮಿಲಿಮೀಟರಿಗಿಂತ ಸಣ್ಣ ಎಳೆಗಳು ಜೇಡನ ಬಲೆ, ಮೂರು ಮಿಲಿಮೀಟರು ಅಥವಾ ಅದಕ್ಕಿಂತ ದಪ್ಪಗೆ ಉಬ್ಬಿದ್ದು ವೆರಿಕೋಸ್. ಬರೀ ಬಲೆ ಇದ್ದರೆ ಸಾಮಾನ್ಯವಾಗಿ ಅಪಾಯ ಇಲ್ಲ, ಬೇಡ ಅಂದರೆ ಚಿಕಿತ್ಸೆಯೂ ಬೇಕಿಲ್ಲ.

ಮತ್ತೆ ಚಿಕಿತ್ಸೆಯ ಕಥೆಗೆ ಬರೋಣ. 1853ರಲ್ಲಿ ಫ್ರಾನ್ಸಿನ ಪ್ರವಾಜ್ ಸಿರಿಂಜು ಮಾಡಿದ. ಮುಂದೆ ಸಿರೆಯೊಳಗೆ ಔಷಧಿ ಚುಚ್ಚಿ ಅದನ್ನು ಮುಚ್ಚಿಸುವ ಪ್ರಯೋಗಗಳು ನಡೆದವು, ಮೊದಮೊದಲು ಗುಣಕ್ಕಿಂತ ಅನಾಹುತ ಹೆಚ್ಚು. 1890ರ ಸುಮಾರಿಗೆ ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ತೊಡೆಯಲ್ಲಿ ಸಿರೆ ಕಟ್ಟುವ ಶಸ್ತ್ರಚಿಕಿತ್ಸೆ ತಂದ, 1907ರಲ್ಲಿ ಅಮೆರಿಕದ ಬ್ಯಾಬ್‌ಕಾಕ್ ಸಿರೆಯನ್ನೇ ತಂತಿಯಿಂದ ಎಳೆದು ತೆಗೆಯುವ ವಿಧಾನ ತಂದ. 1936ರಲ್ಲಿ ಮರಗಟ್ಟಿಸುವ ಔಷಧವಾಗಿ ಹುಟ್ಟಿದ ಪಾಲಿಡೊಕನಾಲ್ ಮುಂದೆ ಈ ಬಲೆಗೆ ಚುಚ್ಚುವ ಔಷಧವಾಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಾನ್ರಾಡ್ ಜೋಬ್ಸ್ಟ್‌ನ ಕಥೆ. ಅವನು ಅಮೆರಿಕದಲ್ಲಿ ನೆಲೆಸಿದ್ದ ಎಂಜಿನಿಯರ್, ಅವನ ಕಾಲಿಗೂ ಇದೇ ರೋಗ. ಈಜುಕೊಳದಲ್ಲಿ ನಿಂತರೆ ಕಾಲಿಗೆ ಹಾಯ್ ಅನ್ನಿಸುತ್ತಿತ್ತು. ನೀರು ಆಳಕ್ಕೆ ಹೋದಷ್ಟೂ ಹೆಚ್ಚು ಒತ್ತುತ್ತದೆ. ಅದೇ ರೀತಿ ಪಾದದ ಬಳಿ ಬಿಗಿ, ಮೇಲಕ್ಕೆ ಹೋದಂತೆ ಸಡಿಲ ಇರುವ ಕಾಲುಚೀಲ ಮಾಡಿದರೆ? 1950ರ ಸುಮಾರಿಗೆ ಮಾಡಿಯೇ ಬಿಟ್ಟ. ಅದನ್ನೇ ಇವತ್ತು ಜಗತ್ತೆಲ್ಲ ಹಾಕಿಕೊಳ್ಳುತ್ತದೆ.

1990ರ ದಶಕದ ಕೊನೆಗೆ ಲೇಸರ್ ಮತ್ತು ರೇಡಿಯೋ ಅಲೆಯ ಶಾಖದಿಂದ ಸಿರೆಯನ್ನು ಒಳಗಿನಿಂದಲೇ ಮುಚ್ಚುವ ವಿಧಾನ ಬಂತು. ಮಾರಿಯಸ್ ಈಗ ಇದ್ದಿದ್ದರೆ ಎರಡನೇ ಕಾಲಿಗೂ ಒಪ್ಪುತ್ತಿದ್ದ.

ಇದೆಲ್ಲ ನಮ್ಮ ಸೀಮೆಗೆ ಬಂದದ್ದು ನಿಧಾನ. 1894ರಲ್ಲಿ ವಾನ್‌ಲೆಸ್ ಮೀರಜದಲ್ಲಿ ಮಿಶನ್ ಆಸ್ಪತ್ರೆ ತೆರೆದ ಮೇಲೆ ಬೆಳಗಾವಿ ಸೀಮೆಯವರು ದೊಡ್ಡ ರೋಗಕ್ಕೆ ಮೀರಜ ಅನ್ನತೊಡಗಿದರು. ಹುಬ್ಬಳ್ಳಿಗೆ 1957ರಲ್ಲಿ, ಬೆಳಗಾವಿಗೆ 1963ರಲ್ಲಿ ವೈದ್ಯಕೀಯ ಕಾಲೇಜು ಬಂದವು.

ದೊಡ್ಡವ್ವ ಎಲ್ಲಿಗೂ ಹೋಗಲಿಲ್ಲ. ಬಲೆಯ ಜೊತೆಗೆ ದಪ್ಪ ನರವೂ ಉಬ್ಬಿತು, ಹಿಮ್ಮಡಿಯ ಒಳಮಗ್ಗಲು ಕಪ್ಪಾಯಿತು, ತುರಿಕೆ ಬಂತು, ಕೆರೆದಲ್ಲಿ ಹುಣ್ಣಾಯಿತು. ಸುಣ್ಣ, ಅರಿಷಿಣ, ಎಲೆಯ ರಸ ಎಲ್ಲ ಆಯಿತು. ಹುಣ್ಣು ಮಾಯಲಿಲ್ಲ. ವಾಸನೆ ಬರುತ್ತದೆ ಅಂತ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಳು. ಯಾವಾಗಲೂ ನಗುತ್ತಿದ್ದವಳು ಪಡಸಾಲೆಯ ಮೂಲೆ ಹಿಡಿದಳು. ನಾವೂ "ವಯಸ್ಸಾತು" ಅಂದು ಸುಮ್ಮನಾದೆವು. ಈಗಲೂ ಚುಚ್ಚುವುದು ಅದೇ ಮಾತು.

ಕಡೆಗೆ ಒಬ್ಬ ವೈದ್ಯರು ಕಾಲನ್ನು ಸ್ಕ್ಯಾನ್ ಮಾಡಿಸಿ, ಪಾದದಿಂದ ಮೊಣಕಾಲಿನವರೆಗೆ ಬಿಗಿಯಾದ ಪಟ್ಟಿ ಸುತ್ತಿ, ಮಲಗುವಾಗ ಕಾಲ ಕೆಳಗೆ ದಿಂಬು ಇಡಿ ಅಂದರು. ಕೆಲವು ತಿಂಗಳಲ್ಲಿ ಹುಣ್ಣು ಮಾಯಿತು. "ಇಷ್ಟ ಸರಳ ಇತ್ತೇನೋ ತಮ್ಮಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

2018ರಲ್ಲಿ ಇಂಗ್ಲೆಂಡಿನ ವೈದ್ಯರು 450 ರೋಗಿಗಳ ಅಧ್ಯಯನ ಪ್ರಕಟಿಸಿದರು. ಪಟ್ಟಿಯ ಜೊತೆಗೆ ಕೆಟ್ಟ ಸಿರೆಯನ್ನೂ ಬೇಗ ಮುಚ್ಚಿಸಿದವರ ಹುಣ್ಣು ಮಾಯಲು ಹಿಡಿದದ್ದು 56 ದಿನ, ತಡ ಮಾಡಿದವರಿಗೆ 82 ದಿನ. ತಡ ಮಾಡಿದ್ದಕ್ಕೆ ದಂಡ ಎಷ್ಟು ಅಂತ ಅಂಕಿಯಲ್ಲೇ ಇದೆ.

ಅದಕ್ಕೇ ನನ್ನ ಮಾತು ಇಷ್ಟೇ. ನಿಮ್ಮ ಅವ್ವ, ಅಜ್ಜಿ, ಮನೆಗೆಲಸಕ್ಕೆ ಬರುವ ಅಕ್ಕ, ಅವರ ಕಾಲು ಒಮ್ಮೆ ನೋಡಿ. ಬರೀ ಬಲೆ ಇದ್ದರೆ ಹೆದರಬೇಡಿ. ದಿನಾ ನಡೆಯಲಿ, ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸಲಿ, ರಾತ್ರಿ ಕಾಲು ಎತ್ತರಕ್ಕಿಡಲಿ. ಚರ್ಮ ಕಪ್ಪಾಗುತ್ತಿದ್ದರೆ, ತುರಿಕೆ, ಬಾವು ಇದ್ದರೆ ವೈದ್ಯರಿಗೆ ತೋರಿಸಿ. ಒಂದೇ ಕಾಲು ತಟ್ಟನೆ ಬಾತು ನೋಯ್ದರೆ ಆ ದಿನವೇ ಹೋಗಿ, ಅದು ಒಳಗಿನ ಸಿರೆಯಲ್ಲಿ ಹೆಪ್ಪು ಇರಬಹುದು. ಉಬ್ಬಿದ ನರ ಒಡೆದು ರಕ್ತ ಬಂದರೆ ಮಲಗಿಸಿ, ಕಾಲು ಎತ್ತಿ, ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿದು ದವಾಖಾನೆಗೆ ಕರೆದೊಯ್ಯಿರಿ. ಬಿಗಿ ಕಾಲುಚೀಲವನ್ನು ಮಾತ್ರ ಕೇಳದೆ ತಂದು ಹಾಕಬೇಡಿ. ಸಕ್ಕರೆ ಕಾಯಿಲೆಯವರಲ್ಲಿ, ಕಾಲಿಗೆ ರಕ್ತ ಇಳಿಯುವುದೇ ಕಡಿಮೆ ಇದ್ದವರಲ್ಲಿ ಅದರಿಂದ ಕೇಡಾಗಬಹುದು.

ದೊಡ್ಡವ್ವ ಈಗಿಲ್ಲ. ಕೊನೆಯ ಎರಡು ವರ್ಷ ಮದುವೆಗಳಿಗೆಲ್ಲ ಹೋಗಿ ಬಂದಳು, ಹುಣ್ಣಿಲ್ಲದ ಕಾಲಿನಲ್ಲಿ. ಬಲೆ ಮಾತ್ರ ಹಾಗೇ ಇತ್ತು. "ಇರಲಿ ಬಿಡು, ಜೇಡನೂ ಎಲ್ಲೆರ ಇರಬೇಕಲ್ಲಾ" ಅನ್ನುತ್ತಿದ್ದಳು.