ಲಿನಕ್ಸ್ ಟರ್ಮಿನಲ್‌ನಲ್ಲಿ ಪ್ರೊಸೆಸರ್ ಮತ್ತು ಮೆಮೊರಿ ಬಳಕೆಯ ನಿಗಾ: ಚರಿತ್ರೆ

ಲಿನಕ್ಸ್ ಗಣಕದಲ್ಲಿ ಪ್ರೊಸೆಸರ್ ಎಷ್ಟು ದುಡಿಯುತ್ತಿದೆ, ಮೆಮೊರಿ ಯಾವುದಕ್ಕೆ ಖರ್ಚಾಗುತ್ತಿದೆ ಎಂಬುದನ್ನು ಟರ್ಮಿನಲ್‌ನಲ್ಲಿ ಕಮಾಂಡ್ ಕೊಟ್ಟು ನೋಡುವ ಕ್ರಮ. ಟಾಪ್, ಪಿಎಸ್, ಫ್ರೀ, ವಿಎಂಸ್ಟ್ಯಾಟ್ ಇದಕ್ಕೆ ಬಳಕೆಯಾಗುವ ಮುಖ್ಯ ಕಮಾಂಡ್‌ಗಳು. ಇವು ತಾವಾಗಿ ಏನನ್ನೂ ಅಳೆಯುವುದಿಲ್ಲ, ಲಿನಕ್ಸ್‌ನ ತಿರುಳಾದ ಕರ್ನಲ್ ಇಟ್ಟ ಲೆಕ್ಕವನ್ನು ಓದಿ ತೋರಿಸುತ್ತವೆ. ಹೀಗಾಗಿ ಕರ್ನಲ್ ಯಾವಾಗ ಯಾವ ಲೆಕ್ಕ ಇಡಲು ಶುರುಮಾಡಿತು ಎಂಬುದೇ ಇವುಗಳ ಚರಿತ್ರೆ. ಆ ಲೆಕ್ಕಗಳಲ್ಲಿ ಕೆಲವು ಬಹುಮುಖ್ಯವಾದವನ್ನು ಬೆಂಗಳೂರಿನ ಎಂಜಿನಿಯರುಗಳು ಬರೆದರು ಎಂಬುದು ಕನ್ನಡನಾಡಿನಲ್ಲಿ ಸಾಕಷ್ಟು ಪ್ರಚಾರವಾಗದ ಸಂಗತಿ.

ಟಾಪ್ ಲಿನಕ್ಸ್‌ಗಿಂತ ಹಳೆಯದು. ವಿಲಿಯಂ ಲೆಫೆವರ್ 1984ರಲ್ಲಿ ಅದನ್ನು ಯುನಿಕ್ಸ್‌ಗಾಗಿ ಬರೆದರು. ಅದೇ ವರ್ಷ ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್, ಓಡುತ್ತಿರುವ ಪ್ರತಿ ಪ್ರಕ್ರಿಯೆಯನ್ನೂ ಒಂದು ಫೈಲಿನಂತೆ ತೆರೆದು ಓದುವ ‘ಪ್ರಾಕ್’ ವ್ಯವಸ್ಥೆಯನ್ನು ವಿವರಿಸಿದರು. 1991ರಲ್ಲಿ ಹುಟ್ಟಿದ ಲಿನಕ್ಸ್ ಈ ಉಪಾಯವನ್ನು ಬೇಗನೆ ತನ್ನದಾಗಿಸಿಕೊಂಡಿತು. ಲಿನಕ್ಸ್‌ನ ಮೊದಲ ಟಾಪ್ ರೋಜರ್ ಬಿನ್ಸ್ ಅವರದು. ಈಗ ಬಳಕೆಯಲ್ಲಿರುವುದು 2002ರಲ್ಲಿ ಜಿಮ್ ವಾರ್ನರ್ ಹೊಸದಾಗಿ ಬರೆದದ್ದು. ಟಾಪ್ ತೆರೆದು ದೊಡ್ಡಕ್ಷರದ ಎಂ ಒತ್ತಿದರೆ ಹೆಚ್ಚು ಮೆಮೊರಿ ಹಿಡಿದ ಪ್ರಕ್ರಿಯೆ ಮೇಲೆ ಬರುತ್ತದೆ, ಪಿ ಒತ್ತಿದರೆ ಹೆಚ್ಚು ಪ್ರೊಸೆಸರ್ ಬಳಸುವುದು ಮೇಲೆ ಬರುತ್ತದೆ, 1 ಒತ್ತಿದರೆ ಒಂದೊಂದು ಕೋರ್‌ನ ಲೆಕ್ಕವೂ ಬೇರೆಬೇರೆಯಾಗಿ ಕಾಣುತ್ತದೆ. ನಾಲ್ಕು ಕೋರ್‌ಗಳ ಗಣಕದಲ್ಲಿ ಒಂದೇ ಪ್ರಕ್ರಿಯೆಯ ಮುಂದೆ 400ರವರೆಗೂ ಶೇಕಡಾ ಅಂಕಿ ಕಂಡರೆ ಅದು ತಪ್ಪಲ್ಲ.

ಟಾಪ್‌ನ ಮೇಲಿನ ಸಾಲಿನ ಲೋಡ್ ಆವರೇಜ್, ಪ್ರೊಸೆಸರ್ ಬಳಸುತ್ತಿರುವ ಅಥವಾ ಅದಕ್ಕಾಗಿ ಕಾದಿರುವ ಪ್ರಕ್ರಿಯೆಗಳ ಸಂಖ್ಯೆಯ ಕೊನೆಯ 1, 5 ಮತ್ತು 15 ನಿಮಿಷಗಳ ಸರಾಸರಿ. 1993ರಲ್ಲಿ ಲಿನಕ್ಸ್ ಈ ಲೆಕ್ಕಕ್ಕೆ ಡಿಸ್ಕ್‌ಗಾಗಿ ಕಾದು ಕೂತ ಪ್ರಕ್ರಿಯೆಗಳನ್ನೂ ಸೇರಿಸಿತು. ಲೋಡ್ 8 ಇದ್ದು ಪ್ರೊಸೆಸರ್ ಬಹುತೇಕ ಖಾಲಿ ಕೂತಿರುವ ವಿಚಿತ್ರ ಕಾಣುವುದು ಅದರಿಂದಲೇ.

ಫ್ರೀ ಕಮಾಂಡ್ ಹುಟ್ಟಿಸಿದಷ್ಟು ಅನವಶ್ಯಕ ಭಯವನ್ನು ಇನ್ನಾವುದೂ ಹುಟ್ಟಿಸಿಲ್ಲ. ಖಾಲಿ ಬಿದ್ದ ಮೆಮೊರಿಯಲ್ಲಿ ಲಿನಕ್ಸ್ ಡಿಸ್ಕ್‌ನಿಂದ ಓದಿದ್ದನ್ನು ಇಟ್ಟುಕೊಳ್ಳುತ್ತದೆ, ಇದೇ ಕ್ಯಾಶ್. ಹಾಗಾಗಿ ‘ಫ್ರೀ’ ಕಾಲಂ ಸೊನ್ನೆಯ ಹತ್ತಿರ ಬರುತ್ತದೆ. ಹೆಗ್ಗಡದೇವನಕೋಟೆ ಸೀಮೆಯ ಕಬಿನಿ ಜಲಾಶಯ 2,284 ಅಡಿ ಮುಟ್ಟಿದರೆ ನೀರು ಪೋಲಾಯಿತೆಂದು ಯಾರೂ ಅನ್ನುವುದಿಲ್ಲ, ಅದು ಬೇಕಾದಾಗ ಬಿಡಲು ಹಿಡಿದಿಟ್ಟ ನೀರು. ಕ್ಯಾಶ್‌ನಲ್ಲಿರುವ ಮೆಮೊರಿಯಲ್ಲಿ ಹೆಚ್ಚಿನ ಪಾಲೂ ಹಾಗೆಯೇ. ಎಷ್ಟನ್ನು ನಿಜವಾಗಿ ಬಿಡಬಹುದು ಎಂಬ ಅಂದಾಜನ್ನು 2014ರಲ್ಲಿ 3.14ನೇ ಕರ್ನಲ್ ತಾನೇ ಕೊಡತೊಡಗಿತು. ಅದೇ ವರ್ಷ ‘ಅವೈಲಬಲ್’ ಕಾಲಂ ಫ್ರೀಯಲ್ಲಿ ಸೇರಿತು. ಈಗ ನೋಡಬೇಕಾದದ್ದು ಅದನ್ನೇ.

ಬೆಂಗಳೂರಿನ ಪಾಲು ಐಬಿಎಂನ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನಿಂದ ಬಂತು. ಓಡುತ್ತಿರುವ ಕರ್ನಲ್ಲನ್ನು ನಿಲ್ಲಿಸದೆ ಅದರೊಳಗೆ ಬೇಕಾದ ಜಾಗದಲ್ಲಿ ಇಣುಕಿ ನೋಡುವ ಕೆಪ್ರೋಬ್ಸ್‌ನ ಆರಂಭಿಕ ರೂಪವನ್ನು 2002ರಲ್ಲಿ ವಂಶಿಕೃಷ್ಣ ಎಸ್. ಬರೆದರು. ಪ್ರಸನ್ನ ಪಂಚಮುಖಿ, ಸುಪರ್ಣಾ ಭಟ್ಟಾಚಾರ್ಯ ಅದನ್ನು ಬೆಳೆಸಿದರು. 2004ರಲ್ಲಿ ಅದು 2.6.9ನೇ ಕರ್ನಲ್‌ಗೆ ಸೇರಿತು. ಅನಂತ್ ಮಾವಿನಕಾಯನಹಳ್ಳಿ ಮುಂದೆ ಅದರ ನಿರ್ವಾಹಕರಲ್ಲೊಬ್ಬರಾದರು. 2012ರಲ್ಲಿ ಶ್ರೀಕರ್ ದ್ರೋಣಂರಾಜು ಅವರ ಯುಪ್ರೋಬ್ಸ್ ಬಂದ ಮೇಲೆ ಬಳಕೆದಾರರ ಪ್ರೋಗ್ರಾಂಗಳ ಒಳಗೂ ಹೀಗೆ ನೋಡಬಹುದಾಯಿತು.

ದಿನಬಳಕೆಗೆ ಇನ್ನೂ ಹತ್ತಿರದ್ದು 2006ರ ವಿಳಂಬ ಲೆಕ್ಕ. ಅಲ್ಲಿಯವರೆಗೆ ಸಾಮಾನ್ಯವಾಗಿ ಪ್ರಕ್ರಿಯೆ ಎಷ್ಟು ಹೊತ್ತು ದುಡಿಯಿತು ಎಂಬುದಷ್ಟೇ ಗೊತ್ತಾಗುತ್ತಿತ್ತು. ಶೈಲಭ್ ನಾಗರ್ ಮತ್ತು ಬಲಬೀರ್ ಸಿಂಗ್ ಅವರ ಕೆಲಸದಿಂದ, ಅದು ಪ್ರೊಸೆಸರ್‌ಗಾಗಿ ಎಷ್ಟು ಕಾಯಿತು, ಡಿಸ್ಕ್‌ಗಾಗಿ ಎಷ್ಟು, ಡಿಸ್ಕ್‌ಗೆ ಸರಿಸಿದ ಮೆಮೊರಿ (ಸ್ವಾಪ್) ಮರಳಲು ಎಷ್ಟು ಎಂಬುದೂ ಬೆಳಕಿಗೆ ಬಂತು. ಗಣಕ ನಿಧಾನವಾಗಿದೆ ಎಂದು ದೂರುವವರಿಗೆ ಬೇಕಾದ ಉತ್ತರ ಎಷ್ಟೋ ಸಲ ಈ ಅಂಕಿಗಳಲ್ಲೇ ಇರುತ್ತದೆ. ಯಾವ ಪ್ರಕ್ರಿಯೆ ಡಿಸ್ಕ್ ಎಷ್ಟು ಬಳಸುತ್ತಿದೆ ಎಂದು ತೋರಿಸುವ ಐಒಟಾಪ್ ಕಮಾಂಡ್ ಓದುವುದು ಈ ಲೆಕ್ಕವನ್ನೇ.

2008ರಲ್ಲಿ ಪ್ರಕ್ರಿಯೆಗಳ ಗುಂಪಿಗೆ ಲೆಕ್ಕ ಇಡುವ ಸಿಗ್ರೂಪ್ ವ್ಯವಸ್ಥೆ 2.6.24ನೇ ಕರ್ನಲ್‌ನೊಂದಿಗೆ ಬಂತು. ಅದರ ಬೀಜ ಗೂಗಲ್‌ನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ ಅವರದು. ಗುಂಪುಗಳಿಗೆ ಪ್ರೊಸೆಸರ್ ಸಮಯ ಹಂಚುವ ಭಾಗದಲ್ಲಿ ಬೆಂಗಳೂರಿನ ಶ್ರೀವತ್ಸ ವಡ್ಡಗಿರಿ ಅವರ ಕೈ ದೊಡ್ಡದು. ಮೆಮೊರಿಗೆ ಮಿತಿ ಹಾಕಿ ಲೆಕ್ಕವಿಡುವ ಭಾಗವನ್ನು ಬಲಬೀರ್ ಸಿಂಗ್, ಓಪನ್‌ವಿಝಡ್‌ನ ಪಾವೆಲ್ ಎಮೆಲ್ಯಾನೊವ್ ಜೊತೆ ರೂಪಿಸಿದರು, ಅದು 2.6.25ರಲ್ಲಿ ಸೇರಿತು. ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಗುಂಪುಗಳಲ್ಲಿ ಓಡಿಸುವ, 2013ರಲ್ಲಿ ಬಂದ ಡಾಕರ್ ಒಂದೊಂದು ಕಂಟೇನರ್‌ನ ಬಳಕೆಯನ್ನು ತೋರಿಸುವುದು ಸಿಗ್ರೂಪ್ ಲೆಕ್ಕದಿಂದಲೇ.

ಕಾಯುವಿಕೆಯ ಲೆಕ್ಕ ಇಡೀ ಗಣಕಕ್ಕೆ ಅನ್ವಯವಾದದ್ದು 2018ರ 4.20ನೇ ಕರ್ನಲ್‌ನಲ್ಲಿ. ಫೇಸ್‌ಬುಕ್‌ನ ಯೊಹಾನೆಸ್ ವೈನರ್ ಬರೆದ ಈ ಭಾಗ ಪ್ರೊಸೆಸರ್, ಮೆಮೊರಿ, ಡಿಸ್ಕ್ ಮೂರರ ಒತ್ತಡವನ್ನೂ ಪ್ರಾಕ್ ಒಳಗಿನ ‘ಪ್ರೆಷರ್’ ಫೋಲ್ಡರಿನಲ್ಲಿ ಬರೆದಿಡುತ್ತದೆ. 2021ರ 5.14ರಿಂದ ಒಂದೊಂದು ಪ್ರಕ್ರಿಯೆಯ ವಿಳಂಬ ಲೆಕ್ಕ ತಾನಾಗಿ ಚಾಲೂ ಆಗುವುದಿಲ್ಲ. ಐಒಟಾಪ್‌ನಲ್ಲಿ ಕಾಯುವಿಕೆಯ ಅಂಕಿ ಬೇಕಾದವರು ‘ಟಾಸ್ಕ್ ಡಿಲೇಆಕ್ಟ್’ ಸೆಟ್ಟಿಂಗನ್ನು ತಾವೇ 1ಕ್ಕೆ ಬದಲಿಸಿಕೊಳ್ಳಬೇಕು.