ಲೋಹಗಾಂವ್: ಮಾಲೀಕ ವಾಯುಪಡೆ, ಬಾಡಿಗೆದಾರರು ನಾವು

ವಿಮಾನದಲ್ಲಿ ಪುಣೆಗೆ ಬಂದವರು ಕೇಳಿರಬೇಕು. ಇದು ರಕ್ಷಣಾ ಪಡೆಯ ವಿಮಾನ ನಿಲ್ದಾಣ, ಫೋಟೋ ತೆಗೆಯುವಂತಿಲ್ಲ ಎಂದು ಗಗನಸಖಿ ಹೇಳುತ್ತಾಳೆ. ನಮ್ಮ ಕಡೆಯಿಂದ ಬರುವ ನೆಂಟರದು ಒಂದೇ ಪ್ರಶ್ನೆ: "ಅಲ್ರೀ, ಇಷ್ಟು ದೊಡ್ಡ ಊರಿಗೆ ತನ್ನದೇ ಒಂದು ವಿಮಾನ ನಿಲ್ದಾಣ ಇಲ್ಲೇನ್ರಿ?" ಇಲ್ಲ. ಇರುವುದು ವಾಯುಪಡೆಯದು. ರನ್‌ವೇ ಅವರದು, ವಿಮಾನಗಳಿಗೆ ಏರು-ಇಳಿ ಅನ್ನುವ ನಿಯಂತ್ರಣ ಗೋಪುರವೂ ಅವರದು. ಒಂದು ಮೂಲೆಯಲ್ಲಿ ಟರ್ಮಿನಲ್ ಕಟ್ಟಿಕೊಂಡು ನಾಗರಿಕ ವಿಮಾನಗಳು ಸಂಸಾರ ನಡೆಸುತ್ತಿವೆ.

ಪುಣೆಯವರು ಇದರ ಬಗ್ಗೆ ಗೊಣಗದ ದಿನವಿಲ್ಲ. ಆದರೆ ಇತಿಹಾಸ ನೋಡಿದರೆ ಮೊದಲು ಬಂದವರು ಯಾರು ಅನ್ನುವುದರಲ್ಲಿ ಅನುಮಾನವೇ ಇಲ್ಲ.

ಲೋಹಗಾಂವ್ ಹಳ್ಳಿಗೆ ಅದಕ್ಕಿಂತ ಹಳೆಯ ಹೆಸರೊಂದಿದೆ. ಇದು ಸಂತ ತುಕಾರಾಮರ ತಾಯಿಯ ತವರೂರು. (ಅವರ ವಿಠ್ಠಲನನ್ನು ಜ್ಞಾನೇಶ್ವರರು ಕರ್ನಾಟಕದವನೆಂದೇ ಹಾಡಿದ್ದಾರೆ. ಹಾಗಾಗಿ ನಮಗೂ ಇಲ್ಲಿ ಒಂದಿಷ್ಟು ಪಾಲುಂಟು ಅಂತ ನಾನು ಮರಾಠಿ ಗೆಳೆಯರನ್ನು ರೇಗಿಸುವುದುಂಟು!) 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ನಿಲ್ದಾಣಕ್ಕೆ ತುಕಾರಾಮರ ಹೆಸರಿಡುವ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟದ್ದು ಈ ನಂಟಿನಿಂದಲೇ.

ಬ್ರಿಟಿಷರು ಇಲ್ಲಿ ನೆಲೆ ಮಾಡಿದ್ದು 1939ರಲ್ಲಿ. ಉದ್ದೇಶ ಪುಣೆಯಲ್ಲ, ಮುಂಬಯಿ. ಬಂದರಿನ ಮೇಲೆ ಶತ್ರು ವಿಮಾನ ಬಂದರೆ ಘಟ್ಟದ ಮೇಲಿನಿಂದ ಹಾರಿ ರಕ್ಷಿಸಬೇಕು, ಅಷ್ಟೇ ಲೆಕ್ಕ. ಎರಡನೇ ಮಹಾಯುದ್ಧ ಮುಗಿದ ಮೇಲೆ 1947ರಲ್ಲಿ ನೆಲೆ ನಮ್ಮ ವಾಯುಪಡೆಗೆ ಬಂತು.

ಈ ರನ್‌ವೇಯ ಕಥೆಯಲ್ಲಿ ನನಗೆ ಬಹಳ ಹಿಡಿಸುವುದು ಗೋವಾ ಪ್ರಕರಣ. 1961ರ ಡಿಸೆಂಬರ್ 18. ವಿಂಗ್ ಕಮಾಂಡರ್ ಎನ್. ಬಿ. ಮೆನನ್ ಮುಂದಾಳತ್ವದಲ್ಲಿ 12 ಕ್ಯಾನ್‌ಬೆರಾ ಬಾಂಬರುಗಳು ಪುಣೆಯಿಂದ ಹೊರಟು ದಾಬೋಲಿಮ್ ರನ್‌ವೇ ಮೇಲೆ 63,000 ಪೌಂಡ್ ಬಾಂಬು ಸುರಿದವು. ಹಿಂದೆಯೇ ಇನ್ನೂ ಎಂಟು ಕ್ಯಾನ್‌ಬೆರಾಗಳ ಎರಡನೇ ದಾಳಿ. ಅದೇ ದಿನ ನಮ್ಮ ಬೆಳಗಾವಿಯ ಸಾಂಬ್ರಾದಿಂದ ಆರು ಹಂಟರ್ ವಿಮಾನಗಳು ಹೋಗಿ ಬಾಂಬೋಲಿಮ್‌ನ ರೇಡಿಯೋ ಕೇಂದ್ರವನ್ನು ಹೊಡೆದುರುಳಿಸಿದವು. ಸಾಂಬ್ರಾ ಅಂದರೆ ವಾಯುಸೈನಿಕರ ತರಬೇತಿ ಶಾಲೆ ಅಂತಷ್ಟೇ ತಿಳಿದಿರುವ ನಮ್ಮವರೇ ಹೆಚ್ಚು. ಈ ಕಾರ್ಯಾಚರಣೆಯ ವಾಯುಪಡೆಯ ಹೊಣೆ ಹೊತ್ತವರು ಏರ್ ವೈಸ್ ಮಾರ್ಷಲ್ ಎರ್ಲಿಕ್ ಪಿಂಟೊ.

ಇದರಲ್ಲೊಂದು ಸ್ವಾರಸ್ಯ ಕೇಳಿ. ರನ್‌ವೇ ಮಾತ್ರ ಹಾಳು ಮಾಡಿ, ಟರ್ಮಿನಲ್ ಕಟ್ಟಡ ಮುಟ್ಟಬೇಡಿ ಎಂದು ಪೈಲಟ್‌ಗಳಿಗೆ ಆದೇಶವಿತ್ತು. ನಾಳೆ ನಮ್ಮದೇ ಆಗುವ ಆಸ್ತಿಯನ್ನು ಯಾರು ಕೆಡಿಸುತ್ತಾರೆ! ಅಲ್ಲಿ ನಿಂತಿದ್ದ ಎರಡು ನಾಗರಿಕ ವಿಮಾನಗಳು ಹಾಗಾಗಿ ಉಳಿದವು. ಪೋರ್ಚುಗೀಸರು ಗುಂಡಿಗಳನ್ನು ಅವಸರದಲ್ಲಿ ಮುಚ್ಚಿ, ರಾತ್ರಿ ಕತ್ತಲಲ್ಲಿ ಅವೆರಡನ್ನೂ ಹಾರಿಸಿಕೊಂಡು ಕರಾಚಿಗೆ ಪಾರಾದರು. ದಾಬೋಲಿಮ್ ಮುಂದೆ ನೌಕಾಪಡೆಯ ಕೈಸೇರಿತು. ಅಲ್ಲಿಯೂ ಇದೇ ಬಾಡಿಗೆ ಸಂಸಾರ. 2023ರ ಜನವರಿಯಲ್ಲಿ ಮೋಪಾ ಶುರುವಾಗುವ ತನಕ ಗೋವಾಕ್ಕೂ ಬೇರೆ ನಿಲ್ದಾಣವಿರಲಿಲ್ಲ.

1997ರ ಜೂನ್‌ನಲ್ಲಿ ರಷ್ಯಾದ ಮೊದಲ ಸುಖೋಯ್-30ಗಳು ವಾಯುಪಡೆ ಸೇರಿದ್ದು ಲೋಹಗಾಂವ್‌ನಲ್ಲೇ. ಸುಧಾರಿತ ಎಂಕೆಐ ಮಾದರಿಯೂ 2002ರ ಸೆಪ್ಟೆಂಬರಿನಲ್ಲಿ ಇಲ್ಲಿಗೇ ಬಂತು. ಅದರ ಮಿಷನ್ ಕಂಪ್ಯೂಟರ್ ತಯಾರಾದದ್ದು ಬೆಂಗಳೂರಿನ ರಕ್ಷಣಾ ಪ್ರಯೋಗಾಲಯದಲ್ಲಿ. 2006ರ ಜೂನ್ 8ರಂದು ರಾಷ್ಟ್ರಪತಿ ಕಲಾಂ ಇಲ್ಲಿಂದಲೇ ಸುಖೋಯ್‌ನಲ್ಲಿ ಹಾರಿದರು. 2009ರ ನವೆಂಬರ್ 25ರಂದು ಪ್ರತಿಭಾ ಪಾಟೀಲರೂ ಹಾರಿದರು. ಇಬ್ಬರಿಗೂ ಆಗ 74 ವರ್ಷ.

ಇನ್ನು ಸೌಕರ್ಯದ ಮಾತು. ರನ್‌ವೇ ಒಂದೇ, ಉದ್ದ 2,535 ಮೀಟರ್. ಬೆಂಗಳೂರಿನ ದೇವನಹಳ್ಳಿಯಲ್ಲಿ 4,000 ಮೀಟರಿನವು ಎರಡಿವೆ, ಹೋಲಿಸಿ ನೋಡಿ. ಮೇಲಾಗಿ ಲೋಹಗಾಂವ್ ಸಮುದ್ರಮಟ್ಟದಿಂದ 592 ಮೀಟರ್ ಎತ್ತರದಲ್ಲಿದೆ. ಬೇಸಿಗೆಯ ಬಿಸಿಗಾಳಿ ತೆಳುವಾಗಿ, ಏರಲು ವಿಮಾನ ಇನ್ನಷ್ಟು ದೂರ ಓಡಬೇಕು. ದೊಡ್ಡ ವಿಮಾನ ತುಂಬಿಕೊಂಡು ದೂರದ ದೇಶಕ್ಕೆ ಹೊರಡುವುದು ಕಷ್ಟ. ಹೊಸ ಟರ್ಮಿನಲ್ 2024ರ ಜುಲೈನಲ್ಲಿ ಬಳಕೆಗೆ ಬಂತು, ಚೆನ್ನಾಗಿಯೇ ಇದೆ. 2024-25ರಲ್ಲಿ ಪ್ರಯಾಣಿಕರು ಒಂದು ಕೋಟಿ ದಾಟಿದರು. ಪಡಸಾಲೆ ದೊಡ್ಡದಾಯಿತು, ಬಾಗಿಲು ಮಾತ್ರ ಅಷ್ಟೇ ಇದೆ. ರನ್‌ವೇ ರಿಪೇರಿಗೆಂದು 2020ರ ಅಕ್ಟೋಬರಿನಿಂದ ಒಂದು ವರ್ಷ ರಾತ್ರಿ ವಿಮಾನಗಳು ನಿಂತವು. 2021ರ ಅಕ್ಟೋಬರ್ 16ರಿಂದ 29ರವರೆಗೆ 14 ದಿನ ಇಡೀ ನಿಲ್ದಾಣವೇ ಬಂದ್. ದಸರೆ ಮುಗಿದು ದೀಪಾವಳಿ ಎದುರಿಗಿದ್ದ ಸಮಯ, ಊರಿಗೆ ಹೋಗುವವರಿಗೆ ಮತ್ತೆ ಬಸ್ಸು, ರೈಲೇ ಗತಿ.

ನಮ್ಮ ಬ್ಯಾಂಕಿನವರಿಗೆ ವಾಯುಪಡೆಯ ಪರಿಚಯವಾಗುವುದು ಬೇರೆ ದಾರಿಯಲ್ಲಿ. ವಿಮಾನನಗರ, ಧಾನೋರಿ ಕಡೆಯ ಗೃಹಸಾಲದ ಫೈಲು ಬಂತೆಂದರೆ ನಾನು ಮೊದಲು ಹುಡುಕುತ್ತಿದ್ದದ್ದು ಎತ್ತರದ ಎನ್‌ಒಸಿಯನ್ನು. ವಿಮಾನ ಇಳಿಯುವ ದಾರಿಯಲ್ಲಿ ಕಟ್ಟಡ ಇಷ್ಟೇ ಎತ್ತರ ಅಂತ ಮಿತಿ ಇದೆ. ರಕ್ಷಣಾ ನೆಲೆಯ ಗೋಡೆಗೆ ಹತ್ತಿರ ಕಟ್ಟುವುದಕ್ಕೆ 1903ರ ಕಾಯ್ದೆಯಷ್ಟು ಹಳೆಯ ತಡೆ ಇದೆ. ಗಿರಾಕಿ ಸಿಡಿಮಿಡಿಗೊಳ್ಳುತ್ತಿದ್ದ: "ಬಿಲ್ಡರ್ ಏಳು ಮಹಡಿ ಅಂದಿದ್ದಾನೆ ಸಾಹೇಬರೇ, ನಿಮಗೇನು ತೊಂದರೆ?" ನನಗೇನೂ ಇಲ್ಲಪ್ಪ, ಏಳನೇ ಮಹಡಿಗಿದೆ!

ಈ ನಿಯಮ ಬರೀ ಕಿರಿಕಿರಿ ಅಂದುಕೊಳ್ಳುವವರಿಗೆ ಎರಡು ದಿನಾಂಕ ಹೇಳುತ್ತೇನೆ. 2011ರ ಡಿಸೆಂಬರ್ 13ರಂದು ವಾಡೆ ಬೋಲ್ಹಾಯಿ ಬಳಿ, 2014ರ ಅಕ್ಟೋಬರ್ 14ರಂದು ಥೇವೂರ್ ಬಳಿ, ಸುಖೋಯ್‌ಗಳು ನೆಲಕ್ಕೆ ಬಿದ್ದವು. ಎರಡೂ ಸಲ ಪೈಲಟ್‌ಗಳು ಹಾರಿಕೊಂಡು ಬದುಕಿದರು. ಬಿದ್ದದ್ದು ಊರಾಚೆ. ಧಾನೋರಿಯ ಅಪಾರ್ಟ್‌ಮೆಂಟುಗಳ ಮೇಲಾಗಿದ್ದರೆ? ನೆಲೆಯ ಸುತ್ತ ಹೊಲವಿದ್ದಾಗ ಕೇಳಬೇಕಿಲ್ಲದಿದ್ದ ಪ್ರಶ್ನೆ ಇದು. ನೆಲೆ ಊರಿನತ್ತ ನಡೆದು ಬಂದಿಲ್ಲ, ಊರೇ ಅದರ ಬೇಲಿಗೆ ಆತುಕೊಂಡಿತು.

ಇದಕ್ಕೆ ಪರಿಹಾರವೆಂದು ಪುರಂದರ ತಾಲೂಕಿನಲ್ಲಿ ಹೊಸ ನಿಲ್ದಾಣದ ಜಾಗವನ್ನು 2016ರಲ್ಲಿ ಘೋಷಿಸಿದರು. ಗುರುತಿಸಿದ್ದು ಏಳು ಹಳ್ಳಿಗಳನ್ನು. 2025ರ ಮೇ ತಿಂಗಳಲ್ಲಿ ಸರ್ವೆಗೆ ಬಂದವರನ್ನು ಅಲ್ಲಿನ ರೈತರು ತಡೆದು ನಿಂತರು. ಬಾಡಿಗೆ ಮನೆ ಬಿಟ್ಟು ಸ್ವಂತ ಮನೆ ಕಟ್ಟುವ ಆಸೆ ಪುಣೆಗಿರುವುದು ಸಹಜ. ಆದರೆ ಆ ಹೊಲಗಳಲ್ಲಿ ಅಂಜೂರ, ಸೀತಾಫಲದ ತೋಟಗಳಿವೆ.